ಪಿಸುಗುಟ್ಟಲೂ ಕೂಡದು

ಡಾಕ್ಟರ್ ಓತಿಲಿಯಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು:
ಎರಡು ಬಿಳಿ ಎಸಳು, ಹೆಬ್ಬೆರಳ ಉಗುರಿನಷ್ಟುದ್ದ,
ನಡುವೆ ಸಾಸಿವೆಯಂಥ ಗಂಟು.
ಮೂವತ್ತೊಂದು ವರ್ಷ ಇವೆರಡನ್ನೇ ನಂಬಿ
ಬಾಡಿಗೆ ಕಟ್ಟಿದ್ದೇನೆ, ಮಗಳ ಮದುವೆ ಮಾಡಿದ್ದೇನೆ,
ಮುಖ ನೋಡಿದ್ದು ಇವತ್ತೇ.

'ಹದಿನಾಲ್ಕು ದಿನ ತುಟಿ ಪಿಟಕ್ಕೆನ್ನಕೂಡದು.
ಪಿಸುಗುಟ್ಟಲೂ ಕೂಡದು, ಅದೂ ಉಜ್ಜುತ್ತದೆ.
ಕ್ಯಾಕರಿಸಬೇಡ. ತಡೆಯಲಾರೆಯಾ, ಗುಟುಕು ನೀರು ಕುಡಿದು ನುಂಗು.'
ಆಗಲಿ ಎನ್ನಲು ಬಾಯಿ ತೆರೆದೆ.
ಅವಳು ಬೆರಳೆತ್ತಿದಳು.

ನಮ್ಮ ಕಸುಬು ಹೊರಗಿನವರಿಗೆ ವಿಚಿತ್ರ.
ವುಚ್ ನಗರದ ಹಳೇ ನೂಲಿನ ಗಿರಣಿ, ಮೂರನೇ ಮಹಡಿ,
ಗೋಡೆಗೆಲ್ಲ ಕಂಬಳಿ ಹೊಡೆದ ಕೋಣೆ,
ಒಂದು ದೀಪ, ಒಂದು ಮೈಕು.
ಪರದೇಶದ ಸಿನಿಮಾ ಓಡುತ್ತದೆ, ಅವರ ಮಾತು ಕೆಳಗೆ ಸಣ್ಣಗೆ,
ಅದರ ಮೇಲೆ ನಾನು, ಎಲ್ಲರಿಗೂ ನಾನೊಬ್ಬನೇ,
ಪೊಲಿಷಿನಲ್ಲಿ ಓದುತ್ತಾ ಹೋಗುತ್ತೇನೆ.
ಕೊಲೆಗಾರ ನಾನೇ, ಸತ್ತವನ ತಾಯಿಯೂ ನಾನೇ,
ಏಳು ವರ್ಷದ ಹುಡುಗಿ, ಕುದುರೆ ಮಾರುವ ಮುದುಕ,
ಎಲ್ಲ ಒಂದೇ ದನಿ, ಏರಿಲ್ಲ, ಇಳಿತವಿಲ್ಲ.
ಅಳು ಅವರದು. ಅರ್ಥವಷ್ಟೇ ನನ್ನದು.

'ನೀನಿದ್ದೀಯೆಂಬುದನ್ನೇ ಜನ ಮರೆಯಬೇಕು'
ಎಂದು ಕಲಿಸಿದವನು ಕಾಯೆತಾನ್.
ದಿನಾ ವೋಡ್ಕಾದಲ್ಲಿ ಗಂಟಲು 'ತೊಳೆಯುತ್ತಿದ್ದ',
ಐವತ್ತೆಂಟಕ್ಕೆ ಗೊಗ್ಗರಾಗಿ
ಗಿರಣಿಯ ಗೇಟಿನಲ್ಲಿ ಟೋಪಿ ಎತ್ತಿ ನಮಸ್ಕರಿಸುವುದಷ್ಟೇ ಉಳಿಯಿತು.
ಅವನನ್ನು ಜನ ನಿಜಕ್ಕೂ ಮರೆತರು.

ಮನೆಯಲ್ಲಿ ಬ್ರೊಂಕಾ ಅಗಸೆ ಕುದಿಸುತ್ತಾಳೆ.
ಲೋಟದ ತುಂಬ ಲೋಳೆ, ಹುಲ್ಲಿನ ರುಚಿ.
ಕುಡಿದದ್ದು ಆ ಎಸಳುಗಳನ್ನು ಮುಟ್ಟುವುದೇ ಇಲ್ಲವಂತೆ,
ಪಕ್ಕದ ದಾರಿಯಲ್ಲಿ ಹೊಟ್ಟೆಗಿಳಿಯುತ್ತದಂತೆ,
ಡಾಕ್ಟರೇ ಹೇಳಿದ್ದಾಳೆ.
ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ.
'ಅವಳು ಬೇಡ ಅಂದಳಾ? ಇಲ್ಲವಲ್ಲ. ಕುಡಿ.'
ಹೊರಗೆ ಮೈನಸ್ ಒಂಬತ್ತು. ಒಳಗೆ ರೇಡಿಯೇಟರು
ಗಾಳಿಯನ್ನು ಹಪ್ಪಳದಂತೆ ಒಣಗಿಸುತ್ತದೆ.
ಅದರ ಮೇಲೆ ಒದ್ದೆ ಟವೆಲು, ಟವೆಲಿನ ಪಕ್ಕ ನಾನು,
ಬಿಸಿನೀರ ಪಾತ್ರೆಗೆ ತಲೆ ಬಗ್ಗಿಸಿ, ಮೂಗಿನ ತುದಿಯಲ್ಲಿ ಹನಿ.

ಮೌನ ಬಂಗಾರವಂತೆ. ಇರಬಹುದು.
ಆರನೇ ದಿನಕ್ಕೆ ನನಗೆ ಹಿತ್ತಾಳೆಯಾಯಿತು.
ಟ್ರಾಮಿನಲ್ಲಿ ಯಾರೋ ಕಾಲು ತುಳಿದರೆ ಬೈಯುವಂತಿಲ್ಲ,
ಮೊಮ್ಮಗಳು ಫೋನಿನಲ್ಲಿ 'ಅಜ್ಜ, ಊಂ ಅನ್ನು' ಎಂದರೆ
ಮೇಜು ಕುಟ್ಟುತ್ತೇನೆ: ಎರಡು ಸಲ ಹೌದು, ಒಂದು ಸಲ ಇಲ್ಲ.

ಹತ್ತನೇ ರಾತ್ರಿ, ಗೋಡೆಯಾಚೆ
ಕಿವಿ ಮಂದವಾದ ಸ್ಕುರಾತೋವಾ ಅಜ್ಜಿ ಟೀವಿ ಹಚ್ಚಿದಳು.
ಬಂದವನು ನಾನು.
ಇಪ್ಪತ್ತಾರು ವರ್ಷ ಹಿಂದಿನ ನಾನು,
ಎಣ್ಣೆ ಹಾಕಿದ ಕೀಲಿನಂತೆ, ಕರಕರ ಇಲ್ಲದೆ:
'ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.'
ಮತ್ತೆ ನಾನೇ, ಹೆಂಗಸಿಗಾಗಿ: 'ಸುಳ್ಳು ಹೇಳಬೇಡ.'
ಬ್ರೊಂಕಾಳ ಕೈಯ ಚಮಚ ನಿಂತಿತು.
'ಊರಿಗೆಲ್ಲ ಹೇಳಿದ್ದೀಯ,' ಎಂದಳು ಗೋಡೆಗೆ,
'ಈ ಅಡಿಗೆಮನೆಯಲ್ಲಿ ಒಂದು ದಿನ ಹೇಳಲಿಲ್ಲ.'

ಮಾತು ಗಂಟಲಿಗೆ ಬಂತು. ಉಸಿರು ಸಿದ್ಧವಾಯಿತು,
ಹೊಟ್ಟೆ ಬಿಗಿಯಿತು, ಎಸಳೆರಡೂ
ಹತ್ತಿರ ಹತ್ತಿರ ಸರಿದವು, ಗೊತ್ತಾಯಿತು ನನಗೆ.
ಸೀಮೆಸುಣ್ಣ ತೆಗೆದುಕೊಂಡು ಬರೆದೆ: ಅದು ಕೂಲಿಗೆ ಹೇಳಿದ್ದು.
ಓದಿದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ,
ಸೆರಗಿಲ್ಲದ ಏಪ್ರನ್ನಿನಲ್ಲಿ ಸ್ಲೇಟು ಒರೆಸಿ
ಖಾಲಿ ಮಾಡಿ ವಾಪಸ್ ಕೊಟ್ಟಳು.

ಹದಿನೈದನೇ ದಿನ ಅಪ್ಪಣೆಯಾಯಿತು: ಐದು ನಿಮಿಷ.
ಒಂದು ನಿಮಿಷ ಹೆಚ್ಚಿಗೆ ಬೇಡ, ನಾಳೆ ಹತ್ತು.
ಮೊದಲು ಬಾಯಿ ಮುಚ್ಚಿ ಮ್ ಎನ್ನಬೇಕು,
ಜೇನುಹುಳ ಎದೆಯಲ್ಲಿ ದಾರಿ ಹುಡುಕಿದಂತೆ.
ಆಮೇಲೆ ಬ್ರೊಂಕಾಳಿಗೆ ಒಂದು ವಾಕ್ಯ ಹೇಳಿದೆ.
ಏರಿತು, ಇಳಿಯಿತು, ನಡುವೆ ಒಡೆಯಿತು,
ರೆಕಾರ್ಡಿಂಗಿಗೆ ಒಂದಿಷ್ಟೂ ಒದಗುವ ದನಿಯಲ್ಲ ಅದು.
ಏನು ಹೇಳಿದೆನೆಂದು ಕೇಳಬೇಡಿ.

ಉಳಿದ ನಾಲ್ಕು ನಿಮಿಷ
ಅಗಸೆಯ ವಿಷಯಕ್ಕೆ ಜಗಳವಾಡಿದೆವು.