ಅಳಿಯಕಟ್ಟು

ಮುಹರ್ರಕ್ಕಿನಲ್ಲಿ ಯಾರನ್ನು ಬೇಕಾದರೂ ಕೇಳಿ,
ತಪ್ಪು ನೀರಿನದೇ.
ಸಮುದ್ರ ಕಾಯಿಸಿ, ಉಪ್ಪು ಕಳೆದು,
ತಾರಸಿಯ ಟ್ಯಾಂಕಿನಲ್ಲಿ ಮತ್ತೆ ಬಿಸಿಲಿಗೆ ಬೇಯಿಸಿದ ನೀರು
ತಲೆಗೆ ಬಿದ್ದರೆ ಇನ್ನೇನಾಗುತ್ತದೆ ಎಂದು
ಕೆಳಗಿನ ಕೋಲ್ಡ್ ಸ್ಟೋರಿನ ಮೊಯ್ದೀನಿಕಾಕ
ತನ್ನದೇ ಬೋಳಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾನೆ,
ಮಾಡಿ, ಬಾಟಲಿ ನೀರಿನ ಒಂದು ಕಟ್ಟು ಮಾರುತ್ತಾನೆ.

ನಾನೂ ಕೊಂಡೆ.
ಎರಡು ವರ್ಷ ಬಾಟಲಿ ನೀರಲ್ಲೇ ತಲೆ ತೊಳೆದೆ,
ಕುಡಿಯಲು ಮಾತ್ರ ನಲ್ಲಿಯದು.

ಹೆಲ್ಮೆಟ್ಟು ಎಂದ ಹಿದ್ದ್ ಡ್ರೈಡಾಕಿನ ಫೋರ್‌ಮನ್.
ಚಿಂತೆ ಎಂದ ತೋಫಜ್ಜಲ್, ನೋವಾಖಾಲಿಯ ಕ್ಷೌರಿಕ,
ಕತ್ತರಿಯನ್ನು ಬರೀ ಗಾಳಿಯಲ್ಲಿ ಆಡಿಸುತ್ತ,
ಕೊಟ್ಟ ದುಡ್ಡಿಗೆ ಸದ್ದಾದರೂ ಸಿಗಲಿ ಎಂಬ ಕರುಣೆ ಅವನದು.
ಮೆಂತೆ, ಈರುಳ್ಳಿ ರಸ, ಅಕ್ಕ ಕಳಿಸಿದ ಗರುಗದ ಎಣ್ಣೆ,
ಯಾವುದಕ್ಕೂ ದಿಂಬಿನಲ್ಲಿ ಮಾತ್ರ ಕೂದಲು ಬಂತು.

ಡ್ರಾಯರಿನಲ್ಲಿ ಅವಧಿ ಮುಗಿದ ಸಿಪಿಆರ್ ಕಾರ್ಡುಗಳು.
ಸಾಲಾಗಿಟ್ಟರೆ
ಒಂದೊಂದರಲ್ಲೂ ದಂಡೆ ಇನ್ನಷ್ಟು ಅಗಲ,
ಇಳಿತವೇ ಇಳಿತ,
ಹೆಸರು ಮಾತ್ರ ಅದೇ: ಭುಜಂಗ ಸಾಲಿಯಾನ್.

ಗುದೈಬಿಯಾದ ಡಾಕ್ಟರಮ್ಮ ನೆತ್ತಿಗೆ ಮಸೂರ ಹಿಡಿದು
ಪರದೆಯ ಮೇಲೆ ತೋರಿಸಿದಳು:
ದಪ್ಪದ್ದೊಂದು, ಸಪೂರದ್ದೊಂದು,
ಪಕ್ಕದಲ್ಲೇ ಕೂಸಿನ ಮೈಮೇಲಿನಂಥ ರೋಮ.
"ಬೇರು ಸತ್ತಿಲ್ಲ, ಸಣ್ಣದಾಗುತ್ತ ಬಂದಿದೆ.
ಎಲ್ಲ ಗಂಡಸರ ರಕ್ತದಲ್ಲೂ ಇರುವ ಒಂದು ರಸದ ಮಾತನ್ನು
ನಿಮ್ಮ ಬೇರು ತುಸು ಅತಿಯಾಗಿ ಕೇಳುತ್ತದೆ, ಅಷ್ಟೆ.
ನೀರಲ್ಲ, ಹೆಲ್ಮೆಟ್ಟಲ್ಲ. ಮನೆಯಲ್ಲಿ ಯಾರಿಗಿತ್ತು?"

ಐತಪ್ಪ ಮಾವ.
ಕಡಲು ದಾಟಿದವನಲ್ಲ, ಬಾವಿ ನೀರು ಬಿಟ್ಟು ಬೇರೆ ಮಿಂದವನಲ್ಲ.
ತಲೆ ಮೇಲೆ ಸದಾ ಮುಟ್ಟಾಳೆ,
ಮದುವೆ ಊಟದ ಪಂಕ್ತಿಯಲ್ಲೂ.
ಹೆಣಕ್ಕೆ ಮೀಯಿಸುವ ದಿನ ಮೊದಲ ಬಾರಿ ಕಂಡೆ ಆ ನೆತ್ತಿ,
ನುಣ್ಣಗೆ, ಬೆಳ್ಳಗೆ,
ಬಿಸಿಲೇ ಕಾಣದ್ದು.

ಅಳಿಯಕಟ್ಟಿನಲ್ಲಿ ನನಗಿಳಿಯಬೇಕಿದ್ದ ಗದ್ದೆ
ಡಿಕ್ಲರೇಶನ್ನಿನಲ್ಲಿ ಹೋಗಿತ್ತು, ಕಟ್ಟೇ ಕಾನೂನಿನಲ್ಲಿ ಹೋಗಿತ್ತು.
ಸ್ಟಾಂಪು ಕಾಗದ ಇಲ್ಲದೆ, ಸಾಕ್ಷಿಯಿಲ್ಲದೆ
ಮಾವನಿಂದ ಬಂದದ್ದು ಇದೊಂದೇ ಎಂದು ನಕ್ಕೆ.
"ಅಪ್ಪನ ಕಡೆಯಿಂದಲೂ ಬರುತ್ತದೆ" ಎಂದಳು ಆಕೆ.
ಅಪ್ಪ ಮೂವತ್ತೊಂದಕ್ಕೇ ತೀರಿಕೊಂಡ, ತಲೆ ತುಂಬ ಕೂದಲಿನಲ್ಲಿ.
ಅವನ ಪಾಲೆಷ್ಟು ಎಂದು ಯಾರನ್ನು ಕೇಳಲಿ?

ಔಷಧಿ ಇತ್ತು. ದಿನಾ ಹಚ್ಚಬೇಕು,
ಬಿಟ್ಟರೆ ಉಳಿಸಿದ್ದೂ ಹೋಗುತ್ತದೆ.
ಸಾಲದ ಕಂತಿನ ಹಾಗಾ ಎಂದೆ. ಹಾಗೇ ಎಂದಳು.
ರೂಮಿನ ಸದಾನಂದ ಇನ್ನೂ ಹಚ್ಚುತ್ತಾನೆ, ಅವನಿಗೆ ನಿಂತಿದೆ.
ನಾನು ಒಂಬತ್ತು ತಿಂಗಳು ಕಟ್ಟಿ
ಒಂದು ಶುಕ್ರವಾರ ತೋಫಜ್ಜಲನ ಕುರ್ಚಿಯಲ್ಲಿ ಕೂತು, ಪೂರಾ ತೆಗಿ ಎಂದೆ.
ಅವತ್ತು ಕತ್ತರಿ ಗಾಳಿಯಲ್ಲಿ ಆಡಲಿಲ್ಲ.
ಹೊರಗೆ ಬಂದರೆ ಬಂದರಿನ ಸಂಜೆಗಾಳಿ
ನೇರ ತಲೆಗೇ ತಾಗಿತು, ಯಾರೋ ಕೈಯಿಟ್ಟ ಹಾಗೆ.
ಮರುದಿನ ಹೆಲ್ಮೆಟ್ಟಿನ ಪಟ್ಟಿ ಒಂದು ತೂತು ಬಿಗಿ ಮಾಡಿಕೊಂಡೆ.

ಈ ವರ್ಷ ಅಕ್ಕನ ಮಗ ಯತಿನ್ ಬಂದ.
ಇಪ್ಪತ್ಮೂರು, ಬಾಚಣಿಗೆ ಮುರಿಯುವ ಕೂದಲು.
ನಾಲ್ಕನೇ ತಿಂಗಳು ಬಚ್ಚಲಿನಿಂದ
ಸೋಪಿನ ನೊರೆ ಕಿವಿಯಲ್ಲಿಟ್ಟುಕೊಂಡೇ ಹೊರಬಂದು,
ಅಂಗೈಯಲ್ಲಿ ಒಂದು ಉಂಡೆ ಕೂದಲು ಹಿಡಿದು ಕೇಳಿದ:
"ಮಾವಾ, ಇಲ್ಲಿಯ ನೀರು ಸರಿಯಿಲ್ಲ ಅಲ್ವಾ?"

ಬಾಯಿಗೆ ಬಂದದ್ದನ್ನು ನುಂಗಿದೆ.
ಹೇಳುತ್ತೇನೆ. ಡಾಕ್ಟರಮ್ಮನಲ್ಲಿಗೂ ನಾನೇ ಕರೆದೊಯ್ಯುತ್ತೇನೆ,
ಅವನಿಗಿನ್ನೂ ಹೊತ್ತಿದೆ.
ಇವತ್ತಲ್ಲ.

ಇವತ್ತು ಲಿಫ್ಟು ಕೆಟ್ಟಿದೆ,
ಎರಡು ಕಟ್ಟು ಬಾಟಲಿ ನೀರು
ಬೋಳುತಲೆಯ ಮೇಲೊಂದು, ಹೆಗಲಿಗೊಂದು,
ಮೂರು ಮಾಳಿಗೆ
ಹೊತ್ತು ಹತ್ತುತ್ತಿದ್ದೇನೆ.