ಚೌಡಿ ಕೇಳಿದ್ದು

ನಮ್ಮ ಚೌಡಿ ಲಾರಿಯಲ್ಲಿ ಬಂದವಳು.
ಡ್ಯಾಮಿನ ನೀರು ಹೊಸಲು ಮುಟ್ಟಿದ ವರ್ಷ
ಡ್ರೈವರ್ ಪಕ್ಕದ ಸೀಟು ಅವಳಿಗೆ;
ಅಜ್ಜಿ ಹಿಂದೆ, ಎಮ್ಮೆ ಜೊತೆ, ನಿಂತುಕೊಂಡು.
ಆನಂದಪುರದ ಆಚೆ, ಒಂದು ಮರವೂ ಇಲ್ಲದ ಹೊಸ ಕಾಲೊನಿಯಲ್ಲಿ
ಮೊದಲು ಅವಳಿಗೊಂದು ಕಟ್ಟೆ, ಆಮೇಲೆ ನಮಗೆ ಗೋಡೆ.

ಒಬ್ಬಳು ಮಾತ್ರ ಲಾರಿ ಹತ್ತಲಿಲ್ಲ.
ಚಂದು, ಏಳು ವರ್ಷ, ಅಪ್ಪನ ಅಕ್ಕ.
"ಚೌಡಿ ತಗಂಡ್ಲು" ಅಂದರು. ಮುಗಿಯಿತು.
ಅಳುವ ಮಕ್ಕಳಿಗೂ ಅದನ್ನೇ ಹೇಳಿದರು, ಊಟ ಬಿಟ್ಟವರಿಗೂ,
ಮೈನೆರೆದ ದಿನ ನನಗೂ.
ಅಪ್ಪ ಐವತ್ತು ದಾಟಿದ ಮೇಲೂ
ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ;
ಅಮ್ಮ ಹೊರಗೆ ನಿಂತು ಕೆಮ್ಮುತ್ತಿರಬೇಕು.

ಈ ಸಲದ ಅಮಾಸೆಗೂ ಮೂರು ಕೋಳಿ ಕಟ್ಟಿತ್ತು.
ಮಂಗಳಾರತಿ ನಡುವೆ ಹೂವಮ್ಮತ್ತೆಯ ಮೈಮೇಲೆ ಬಂತು.
ಭಾವ ಮೊಬೈಲ್ ತೆಗೆದ.
ಅತ್ತೆ ಕನ್ನಡಕ ಮಡಚಿ ಜೋಪಾನವಾಗಿ ನನ್ನ ಕೈಗೆ ಕೊಟ್ಟು
ಆಮೇಲೆ ಕೂದಲು ಬಿಚ್ಚಿದಳು.
ರೇಷನ್ ಅಂಗಡಿಯವರ ದನಿಯಲ್ಲಿ ಚೌಡಿ:

"ಕೆರಿಯಾ, ವರ್ಷಾ ಮೂರ್ ಮೂರು ಯಾಕೆ ಕೊಡ್ತೀಯ?
ನಾನು ಕೇಳಿದ್ದು ಒಂದು.
ಬುಟ್ಟಿ ಅಡಿ ಇತ್ತಲ್ಲ ಆ ರಾತ್ರಿ, ಕೆಂಪು ಹೇಟೆ.
ಮೊಟ್ಟೆ ಇಡೋದು, ಕೊಡಕ್ಕಾಗಲ್ಲ ಅಂದೆ ನೀನು.
ಚಾಪೆ ಮೇಲಿದ್ದುದನ್ನ ಎತ್ಕಂಡು ಬಂದೆ.
ಬೇಡ ಅಂತ ಕೂಗಿದೆ ಮಾರಾಯ.
ಕಲ್ಲು ಕೂಗಿದ್ರೆ ಯಾರಿಗೆ ಕೇಳ್ತದೆ?"

ತೊಂಬತ್ತೆರಡರ ಅಜ್ಜ ಕಿವಿಯ ಮಿಷನ್ ತೆಗೆದು
ಬನಿಯನ್ನಿಗೆ ಒರೆಸಿ, ಜೇಬಿಗೆ ಹಾಕಿಕೊಂಡ.
ಅಪ್ಪ ಕೂತಲ್ಲೇ ಕೂತಿದ್ದ.
ಆ ಚಾಪೆಯಲ್ಲಿ ಅವನೂ ಇದ್ದ,
ಗೋಡೆ ಕಡೆ.

ಅಜ್ಜಿ ಒಲೆಯಿಂದ ಮುಖ ತಿರುಗಿಸಲಿಲ್ಲ.
"ಆ ಹೇಟೆ ಹನ್ನೊಂದು ಮರಿ ಮಾಡ್ತು.
ಎಲ್ಲಾನೂ ನಾನೇ ಸಾರು ಮಾಡಿದ್ದು.
ಚಂದುಗೆ ಕಾಲು ಅಂದ್ರೆ ಆಸೆ.
ಒಂದೊಂದು ತೆಗೆದಿಟ್ಟೆ. ಬೆಳಿಗ್ಗೆ ಇರ್ತಿರಲಿಲ್ಲ.
ಬೆಕ್ಕು ಅಂತ ಅಂದ್ಕಂಡಿದ್ದೆ."

ಭಾವನ ವಿಡಿಯೋದಲ್ಲಿ ಇರುವುದು ಅವನ ಹೆಬ್ಬೆರಳು.

ಮೂರೂ ಕೋಳಿಗಳನ್ನು ನಾನೇ ಬಿಚ್ಚಿಬಿಟ್ಟೆ.
ಎರಡು ಪಕ್ಕದ ಮನೆ ಸೇರಿದವು, ಬುದ್ಧಿ ಇರುವವು.
ಇನ್ನೊಂದು ದಿನಾ ಸಂಜೆ ಅಜ್ಜನ ಮಂಚ ಹತ್ತಿ
ಕಾಲಬುಡದಲ್ಲಿ ರೆಕ್ಕೆ ಮಡಚಿ ಕೂರುತ್ತದೆ.
ಓಡಿಸುವವರಿಲ್ಲ.
ಮಿಷನ್ ಡಬ್ಬಿಯಲ್ಲಿದೆ. ಆದರೂ ನಡುರಾತ್ರಿ ಅಜ್ಜ
ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಾನೆ.
ಕತ್ತಲಲ್ಲಿ, ಅರವತ್ತು ವರ್ಷದ ಮರ್ಯಾದೆಯಲ್ಲಿ,
ಅಜ್ಜಿ ಕೇಳುತ್ತಾಳೆ:
"ಏನಂದ್ರೆ, ಮೊಟ್ಟೆ ಇಟ್ತಾ ನೋಡಿ."