ಬಿಲ್ಲಿನ ಹಿಂಬದಿಗೆ ಬರೆದದ್ದು

ಬಂದರಿನ ಈ ಅಂಗಡಿಗೆ
ಹೊಳೆ ದಾಟಿ ಬಂದಿದ್ದೀರಿ ವಾರಿಜಕ್ಕ,
ಡಿವಿಡಿ ಪ್ಲೇಯರನ್ನು ಹಳೆ ಬೈರಾಸಿನಲ್ಲಿ ಸುತ್ತಿ
ಮೀನಿನ ಬುಟ್ಟಿಯ ಪಕ್ಕ ಇಡದೆ, ತೊಡೆಯ ಮೇಲೆ.
ಅಷ್ಟು ಬುದ್ಧಿ ಕದ್ರಿಯ ಡಾಕ್ಟರಿಗೂ ಇಲ್ಲ,
ಸ್ಕೂಟರಿನ ಡಿಕ್ಕಿಗೆ ತುರುಕಿ ತರುತ್ತಾರೆ.

ಮುಚ್ಚಳ ಬಿಚ್ಚಿದರೆ ನಿಮ್ಮ ಮನೆಯೇ ಹೊರಬಿತ್ತು:
ಹಲ್ಲಿಮೊಟ್ಟೆಯ ಓಡು ಎರಡು,
ಮೊಮ್ಮಗ ತಟ್ಟೆಗೆ ಹಾಕಿದ ಎಂಟಾಣೆ,
ಚಕ್ಕುಲಿ ತುಂಡು, ಒಂದು ಚಿಟಿಕೆ ಹೊಯಿಗೆ.
ಆಚೆ ಕಡಲು, ಈಚೆ ಹೊಳೆ,
ನಿಮ್ಮ ಬೆಂಗ್ರೆಯಲ್ಲಿ ತಾಮ್ರಕ್ಕೆ ಆಯುಷ್ಯ ಕಡಿಮೆ.
ಉಪ್ಪು ಕುಡಿದು ಕುಡಿದು ಹಸಿರಾಗಿದೆ ನೋಡಿ.

ಕಿಟಕಿಯ ಕರೆಯಿಂದ ತೆಗೆದು ಒಳಗೋಡೆಗೆ ಇಡಿ.
ಮೇಲೆ ಕಸೂತಿ ಬಟ್ಟೆ ಹಾಸಬೇಡಿ.
ಚಂದ ಕಾಣುತ್ತದೆ, ಗೊತ್ತು,
ಆದರೆ ಈ ಸಣ್ಣ ಸಣ್ಣ ಸೀಳು ಉಂಟಲ್ಲ, ಇದರ ಮೂಗು ಅದು.
ಹೂ ಹಾಕಿದ ನೀರಿನ ಲೋಟ, ಊದುಬತ್ತಿ,
ದೇವರಿಗೆ ಬೇರೆ ಜಾಗ ನೋಡಿ ಮಾರಾಯ್ರೆ.
ತುಲಾ ತಿಂಗಳ ಸಿಡಿಲು ನಿಮಗೆ ನಾನು ಹೇಳಬೇಕಾ?
ಮೊದಲ ಗುಡುಗಿಗೇ ಪ್ಲಗ್ ಎಳೆಯಿರಿ,
ವಯರು ಹಿಡಿದಲ್ಲ, ಪ್ಲಗ್ಗನ್ನೇ ಹಿಡಿದು, ಒಣಗಿದ ಕೈಯಲ್ಲಿ.
ಸ್ವಿಚ್ ಆಫ್ ಮಾಡಿದೆ ಅಂತ ನಂಬಿ ಕೂತುಕೊಳ್ಳಬೇಡಿ,
ಸಿಡಿಲು ಸ್ವಿಚ್ಚಿಗೆ ಮರ್ಯಾದೆ ಕೊಡುವುದಿಲ್ಲ.
ಮತ್ತೆ ಬೆಂಕಿಕಡ್ಡಿ ಚುಚ್ಚಿ ಪಿನ್ ಹೊಗಿಸುವ
ನಿಮ್ಮ ಭಾವನ ವಿದ್ಯೆ, ಅದು ಇಲ್ಲಿಗೆ ಸಾಕು.

ಇಲ್ಲಿ ಕಡಲೆಯಷ್ಟು ದೊಡ್ಡ ಕಣ್ಣೊಂದು ಉಂಟು.
ಅದು ನೋಡುವಾಗ ನೀವು ನೋಡಬಾರದು.
ಮೊಮ್ಮಗ ಬಗ್ಗಲಿಕ್ಕೆ ಬಂದರೆ ಬೈದು ಓಡಿಸಿ.
ಈ ಕಪ್ಪು ಡಬ್ಬಿ ಕೆಪಾಸಿಟರ್,
ಪ್ಲಗ್ ಎಳೆದ ಮೇಲೂ ಸ್ವಲ್ಪ ಹೊತ್ತು
ಕರೆಂಟು ಬಚ್ಚಿಟ್ಟುಕೊಂಡಿರುತ್ತದೆ,
ನನ್ನ ಅತ್ತೆ ಸಿಟ್ಟು ಇಟ್ಟುಕೊಂಡ ಹಾಗೆ.
ಬೆರಳ ತುದಿಯ ಬಿಳಿ ಮಚ್ಚೆ ನೋಡಿ.
ಇಪ್ಪತ್ತೆರಡನೇ ಪ್ರಾಯದ್ದು, ಇನ್ನೂ ಹಾಗೇ ಉಂಟು.

ಇಷ್ಟು ಹೇಳಿ ಡಿಸ್ಕು ಬೆಳಕಿಗೆ ಹಿಡಿದೆ.
ಸೆರಗಿನಲ್ಲಿ ಉರುಟು ಉರುಟು ತಿಕ್ಕಿದ ಗೀರು.
ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಅಂದೆ.
ಯಾವ ಸಿನಿಮಾ ಇದು, ಇಷ್ಟು ಒರೆಸಿದ್ದು?
'ಸಿನಿಮಾ ಅಲ್ಲ. ಮಹಿಳಾ ಮಂಡಳಿಯ ನಾಟಕ.
ಹತ್ತನೇ ವರ್ಷದ್ದು. ನಾನು ಇನ್‌ಸ್ಪೆಕ್ಟರ್.'

ಹಾಕಿದೆ. ಓಟ ಕಾಣಬೇಕಲ್ಲ, ಮುಚ್ಚಳ ತೆರೆದೇ ಇತ್ತು.
ಪರದೆ ಸರಿಯಿತು. ಕಳ್ಳ ಬಂದ
('ಅದು ನಮ್ಮ ಗುಲಾಬಿ, ಅವಳ ಗಂಡನ ಲುಂಗಿ').
ಇನ್‌ಸ್ಪೆಕ್ಟರ್ ಬಂದರು,
ಲಾಠಿಯ ಬದಲು ದೋಣಿಯ ಗಳ,
ಮೀಸೆ ಒಂದು ಬದಿ ಬಿಟ್ಟಿದೆ.
ಬಾಯಿ ತೆರೆದರು.
ಅಲ್ಲೇ ನಿಂತಿತು ಚಿತ್ರ, ಚೌಕ ಚೌಕವಾಗಿ.
ಮೂರು ವರ್ಷದಿಂದ ಅಲ್ಲೇ ನಿಲ್ಲುವುದಂತೆ.
'ಇಡೀ ನಾಟಕದಲ್ಲಿ ನನಗೆ ಇದ್ದದ್ದು ಒಂದೇ ಮಾತು'
ಅಂದರು, ಟಿವಿಯನ್ನೇ ನೋಡುತ್ತ.

ನೋಡುವ, ಅಂದೆ.
ಸ್ಕ್ರೂಡ್ರೈವರ್ ಎತ್ತಿ ಒಳಗೆ ಬಗ್ಗಿದೆ.

'ಯಾರೂ ಅಲ್ಲಾಡಬಾರದು!'

ಮಿಕ್ಸಿ ತಂದ ಹಸೈನಾರಾಕ ಅಲ್ಲಾಡಲಿಲ್ಲ.
ಚಾ ತಂದ ಹುಡುಗ ಗ್ಲಾಸು ಎತ್ತಿದಲ್ಲೇ ನಿಂತ.
ನನ್ನ ಕೈ ಕಪ್ಪು ಡಬ್ಬಿಯಿಂದ ಒಂದು ಇಂಚು ಮೇಲೆ.
ಹೊರಗೆ ಐಸಿನ ಲಾರಿ ಮಾತ್ರ ರಿವರ್ಸ್ ಬರುತ್ತಿತ್ತು.
ವಾರಿಜಕ್ಕ ಗೋಡೆಯ ಕಡೆ ಗಲ್ಲ ತಿರುಗಿಸಿ, ಮೆಲ್ಲ:
'ಪ್ಲಗ್ ಅಲ್ಲೇ ಉಂಟಲ್ಲ, ಲಿಗೋರಿ ಪೊರ್ಬುಗಳೇ.'

ಇನ್ನೂರೈವತ್ತು ಅಂದದ್ದು ನೂರ ಇಪ್ಪತ್ತಕ್ಕೆ ಇಳಿಯಿತು.
ಬಂಗುಡೆ ಮಾರುವವರ ಹತ್ತಿರ ನನ್ನ ಚೌಕಾಸಿ ಎಂತ ನಡೆಯುತ್ತದೆ.
ಹೇಳಿದ್ದೆಲ್ಲ ಬಿಲ್ಲಿನ ಹಿಂಬದಿಗೆ ಬರೆದುಕೊಡಿ ಅಂದರು.
'ಒಂದು: ಮೊದಲು ಪ್ಲಗ್' ಅಂತ ಬರೆದೆ,
ಅಡಿಗೆರೆ ಎರಡು ಸಲ.
ಅಕ್ಷರ ಸ್ವಲ್ಪ ಸೊಟ್ಟ ಬಂತು.
ಎರಡನೆಯದು ಬರೆಯುವ ಮೊದಲು
ಅವರು ಬೈರಾಸು ಗಂಟು ಹಾಕಿ ಆಗಿತ್ತು,
ದೋಣಿ ಬಿಡುವ ಹೊತ್ತು.